ಗಂಟೆ ಹೊಡೆದ ಮೇಲೆ

ಇಲುಮಿನಾದಾ ಕಿಲಾತೊನ್ ನಮ್ಮ ಶಾಲೆಗೆ ಹೆಡ್‌ಮೇಡಂ ಆಗಿ ಬಂದ ದಿನ ನಮ್ಮನ್ನೆಲ್ಲ ಸ್ಟಾಫ್ ರೂಮಿಗೆ ಕರೆದು ಕೇಳಿದ ಮೊದಲ ಪ್ರಶ್ನೆ ಇದು: "ಈ ಸ್ಕೂಲಲ್ಲಿ ಟೀಚರುಗಳು ಉಚ್ಚೆಗೆ ಎಲ್ಲಿಗೆ ಹೋಗ್ತೀರಿ?"

ಆರನೇ ತರಗತಿಯ ಸೆಲ್ಮೊ ಸರ್‌ಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು. ಉಳಿದವರು ನೆಲ ನೋಡಿದೆವು. ಹೊಸದಾಗಿ ಬಂದ ಹೆಡ್‌ಗಳು ಮೊದಲ ದಿನ ಏನು ಮಾತಾಡುತ್ತಾರೆಂದು ನಮಗೆ ಬಾಯಿಪಾಠವಾಗಿತ್ತು. ಕಲಿಸುವುದು ದೇವರ ಕರೆ, ತ್ಯಾಗ, ಸಮರ್ಪಣೆ, ನಾವೆಲ್ಲ ಒಂದೇ ಕುಟುಂಬ. ಅದನ್ನು ಕೇಳುತ್ತ ತಲೆಯಾಡಿಸಲು ತಯಾರಾಗಿ ಬಂದವರು ನಾವು. ಈ ಪ್ರಶ್ನೆಗೆ ತಯಾರಿರಲಿಲ್ಲ.

ಕೊನೆಗೆ ನಾನೇ ಬಾಯಿ ಬಿಟ್ಟೆ. "ಎದುರುಗಡೆ ಚಾಯೊಂಗ್ ಮನೆಗೆ, ಮೇಡಂ. ಬಾಳೆಹಣ್ಣು ಕರಿದು ಮಾರ್ತಾಳಲ್ಲ, ಅವಳ ಮನೆಗೆ. ಬಿಡುವಿನಲ್ಲಿ ಸಾಲು ನಿಲ್ತೀವಿ."

"ಸಾಲು ಮುಗಿಯೋದ್ರೊಳಗೆ ಗಂಟೆ ಹೊಡೆದ್ರೆ?"

"ತಡ್ಕೋತೀವಿ."

"ನೀರು ಕುಡಿಯಲ್ಲ," ಎಂದಳು ಜೊವೆಲಿನ್, ಎಲ್ಲರಿಗಿಂತ ಚಿಕ್ಕವಳು, ಹೆರಿಗೆ ರಜೆ ಮುಗಿಸಿ ಆಗಷ್ಟೇ ಬಂದಿದ್ದವಳು. ಮಗುವಿಗೆ ಹಾಲೂಡಿಸುವವಳು ಬೆಳಗಿನಿಂದ ಸಂಜೆವರೆಗೆ ನೀರು ಮುಟ್ಟುತ್ತಿರಲಿಲ್ಲ. ಮೂತ್ರದ ಸೋಂಕಾಗಿ ಜ್ವರ ಬಂದು ಆಗಲೇ ಒಂದು ಸಲ ಮಲಗಿ ಎದ್ದಿದ್ದಳು.

"ಆಫೀಸಿನ ಪಕ್ಕ ಬಿಳಿ ಟೈಲ್ಸ್ ಹಾಕಿರೋ ಬಾತ್‌ರೂಮ್ ಇದೆಯಲ್ಲ?"

"ಅದು ಅತಿಥಿಗಳಿಗೆ, ಮೇಡಂ," ಎಂದರು ಸೆಲ್ಮೊ ಸರ್. "ಕೀಲಿ ಸ್ಕೂಲ್ ಇನ್ಸ್‌ಪೆಕ್ಟರ್ ಓರ್ತಾಲಿಸ್ ಸಾಹೇಬರ ಹತ್ರ ಇರುತ್ತೆ. ಅವರೇ ಕಟ್ಟಿಸಿದ್ದು. ಬಾಗಿಲ ಮೇಲೆ ಅವರ ಹೆಸರಿದೆ, ನೋಡಿ. ಸತ್ತ ಮೇಲೆ ಗೋರಿ ಕಲ್ಲಿನ ಮೇಲೆ ಹೆಸರು ಬರೆಸ್ಕೊಳ್ಳೋರನ್ನ ನೋಡಿದೀನಿ. ಇವರು ಕಕ್ಕಸಿನ ಮೇಲೆ ಬರೆಸ್ಕೊಂಡಿದಾರೆ."

"ಅತಿಥಿಗಳು ಕೊನೇ ಸಲ ಯಾವಾಗ ಬಂದಿದ್ರು?"

"ಹೋದ ವರ್ಷ."

"ಎಷ್ಟು ಹೊತ್ತಿದ್ರು?"

"ಊಟ ಆಗೋವರೆಗೆ."

ಲುಮಿಂಗ್ ಮೇಡಂ (ಆ ಉದ್ದ ಹೆಸರನ್ನು ಮಧ್ಯಾಹ್ನದೊಳಗೆ ನಾವು ಹಾಗೆ ಮೊಟಕುಗೊಳಿಸಿದ್ದೆವು) ಎದ್ದು ಹೊರಗೆ ಹೋದರು. ಗಿಡ್ಡ ಆಳು, ದಪ್ಪ ಮೈ, ಐವತ್ತು ದಾಟಿದ ಹೆಂಗಸು. ತೋಟದ ಸಾಮಾನಿನ ಕೋಣೆಯಿಂದ ಸುತ್ತಿಗೆ ಹುಡುಕಿ ತಂದು, ಲಂಗದ ಅಂಚನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿಕೊಂಡು ಬೀಗದ ಮೇಲೆ ಬೀಸಿದರು. ಮೊದಲ ಏಟು ಬಾಗಿಲಿಗೆ ಬಿತ್ತು. ಎರಡನೆಯದು ಹೆಬ್ಬೆರಳಿಗೆ ತಾಗಿದಾಗ ಅವರ ಬಾಯಿಂದ ಬಂದ ಮಾತನ್ನು ಮಕ್ಕಳು ವಾರವಿಡೀ ಆಟದಲ್ಲಿ ಹೇಳುತ್ತಿದ್ದರು. ಇನ್ನೆರಡು ಏಟಿಗೆ ಬೀಗ ಕಳಚಿ ಬಿತ್ತು. ಒಳಗೆ ಟೈಲ್ಸು ಹೊಳೆಯುತ್ತಿತ್ತು. ನಲ್ಲಿಯಲ್ಲಿ ನೀರಿತ್ತು. ಕನ್ನಡಿಯೂ ಇತ್ತು.

"ಜೊವೆಲಿನ್, ನೀನು ಮೊದಲು ಹೋಗಮ್ಮ," ಎಂದರು, ಹೆಬ್ಬೆರಳು ಬಾಯಲ್ಲಿಟ್ಟುಕೊಂಡು.

ಸೆಲ್ಮೊ ಸರ್ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು: "ಈಯಮ್ಮ ಇಲ್ಲಿ ಜಾಸ್ತಿ ದಿನ ಬಾಳಲ್ಲ."

ನನ್ನ ಹೆಸರು ಲುದಿವಿನಾ ಬದಿಲ್ಯಾ. ಮೂರನೇ ತರಗತಿಗೆ ಕಲಿಸುತ್ತೇನೆ. ಕಡಲ ದಂಡೆಯ ನಮ್ಮ ಕಾಂಬುಲೊ ಊರಿನ ಶಾಲೆಯಲ್ಲಿ ಆಗ ನಾವೆಲ್ಲ ಗಂಟೆ ಹೊಡೆದ ಕೂಡಲೇ ಮನೆಗೆ ಹೊರಡುವವರು. ಕೊನೆಯ ಪಾಠ ನಡೆಯುವಾಗಲೇ ಚೀಲ ಹೆಗಲಿಗೆ ಬಂದಿರುತ್ತಿತ್ತು. ಊರಿನವರು ಅದಕ್ಕೆ ನಮ್ಮನ್ನು ಆಡಿಕೊಳ್ಳುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಹಿಂದಿನ ಹೆಡ್‌ಗಳಿಗೆ ‘ಸ್ವಇಚ್ಛೆ’ ಎಂಬ ಮಾತು ಬಲು ಇಷ್ಟ. ಸ್ವಇಚ್ಛೆಯಿಂದ ತರಗತಿಗೆ ಬಣ್ಣ ಬಳಿಯಿರಿ, ಬಣ್ಣ ನೀವೇ ತನ್ನಿ. ಸ್ವಇಚ್ಛೆಯಿಂದ ಶಾಲೆಯ ಮುಂದೆ ಹೂದೋಟ ಮಾಡಿ, ಜಿಲ್ಲೆಯ ಸ್ಪರ್ಧೆ ಇದೆ. ಸ್ವಇಚ್ಛೆಯಿಂದ ದೊಡ್ಡವರ ಮುಂದೆ ಕುಣಿಯಿರಿ. ಬೆರಳು ಕೊಟ್ಟರೆ ಹಸ್ತ ನುಂಗುವವರ ಮುಂದೆ ನಾವು ಮುಷ್ಟಿ ಬಿಗಿಹಿಡಿಯುವುದನ್ನು ಕಲಿತಿದ್ದೆವು. ಒಳ್ಳೆಯತನ ಇರಲಿಲ್ಲವೆಂದಲ್ಲ, ಇದ್ದುದನ್ನು ಬಚ್ಚಿಟ್ಟಿದ್ದೆವು.

ಲುಮಿಂಗ್ ಮೇಡಂ ನಮ್ಮನ್ನು ಏನೂ ಕೇಳಲಿಲ್ಲ. ಅದೇ ನಮಗೆ ಅನುಮಾನ. ಇಂದು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಕಾದೆವು. ಅವರು ತಮ್ಮ ಕೋಣೆಯ ದೊಡ್ಡ ಫ್ಯಾನನ್ನು ತೆಗೆಸಿ ಸ್ಟಾಫ್ ರೂಮಿಗೆ ಹಾಕಿಸಿದರು. ತಮ್ಮ ಕೋಣೆಯ ಅರ್ಧಕ್ಕೆ ಪರದೆ ಕಟ್ಟಿಸಿ ಚಾಪೆ ಹಾಸಿ, ಜೊವೆಲಿನ್‌ಳ ಅತ್ತೆ ಮಗುವನ್ನು ಮಧ್ಯಾಹ್ನ ಅಲ್ಲಿಗೇ ತರುವ ಹಾಗೆ ಮಾಡಿದರು. ಯಾವುದೋ ಮಗುವಿನ ತಂದೆ ಕುಡಿದು ಬಂದು ಜೊವೆಲಿನ್ ಮೇಲೆ ಕೂಗಾಡಿದಾಗ ನಡುವೆ ನಿಂತು, "ಅವಳನ್ನ ಬೈಯೋಕೆ ಮುಂಚೆ ನನ್ನನ್ನ ಬೈದು ಮುಗಿಸು. ಕೂತ್ಕೋ, ನಂಗೆ ಟೈಮಿದೆ," ಎಂದು ಬೆಂಚು ತೋರಿಸಿದರು. ಅವನು ಬೈಯುವುದು ಬಿಟ್ಟು ಕೂತು ಅಳತೊಡಗಿದ. ಆಮೇಲೆ ಅವನಿಗೆ ಕಾಫಿ ಕೊಡಿಸಿ ಕಳಿಸಿದರು.

ಮಳೆಗಾಲದಲ್ಲಿ ನನ್ನ ಗಂಡ ಪೊನ್ಸೊ ಬಾಡಿಗೆಗೆ ಓಡಿಸುವ ಬೈಕು ಸೇತುವೆಯ ಹತ್ತಿರ ಪಲ್ಟಿಯಾಗಿ ಅವನ ಕಾಲು ಮುರಿಯಿತು. ಪಟ್ಟಣದ ಆಸ್ಪತ್ರೆಯ ವರಾಂಡದಲ್ಲಿ ಅವನ ಮಂಚದ ಕೆಳಗೆ ಮಲಗಿ ವಾರ ಕಳೆದೆ. ಹಿಂದೆ ನನ್ನ ತಾಯಿ ತೀರಿಕೊಂಡಾಗ ಆಗಿನ ಹೆಡ್ ನನ್ನ ತರಗತಿಯ ಮಕ್ಕಳನ್ನು ಬೇರೆ ಬೇರೆ ತರಗತಿಗೆ ಹಂಚಿ, ನಾನು ಮರಳಿದ ದಿನ ಎಲ್ಲರ ಮುಂದೆ "ನಿಮ್ಮಿಂದ ಎಷ್ಟು ಜನಕ್ಕೆ ತೊಂದರೆ, ಮೇಡಂ" ಎಂದಿದ್ದರು. ಈ ಸಲವೂ ಆ ಮಾತಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ.

ನನ್ನ ತರಗತಿ ನೆಟ್ಟಗಿತ್ತು. ಬೋರ್ಡಿನ ಮೇಲೆ ಗುಣಾಕಾರ ಇತ್ತು. "ಹೆಡ್‌ಮೇಡಮ್ಮೇ ಬರ್ತಿದ್ರು, ಟೀಚರ್," ಎಂದಳು ಮುಂದಿನ ಸಾಲಿನ ರೊಸೆಲ್ದಾ. "ಅವರಿಗೆ ಹಾಡೋಕೆ ಬರಲ್ಲ. ಆದ್ರೂ ಹಾಡ್ತಾರೆ."

ನಾನು ಆಫೀಸಿಗೆ ಹೋಗಿ ಬಾಗಿಲಲ್ಲಿ ನಿಂತೆ. ಲುಮಿಂಗ್ ಮೇಡಂ ತಲೆಯೆತ್ತಿ, "ಪೊನ್ಸೊ ಕಾಲು ಹೇಗಿದೆ?" ಎಂದರು.

"ರಾಡ್ ಹಾಕಿದಾರೆ, ಮೇಡಂ."

"ಪುಣ್ಯ. ಹೋಗಿ, ಮಕ್ಕಳು ಕಾಯ್ತಿದಾವೆ. ನನ್ನ ಹಾಡು ಕೇಳಿ ಕೇಳಿ ಸುಸ್ತಾಗಿವೆ."

ಅಷ್ಟೇ.

ಆ ವಾರವೇ ಇರಬೇಕು. ಸಂಜೆ ಗಂಟೆ ಹೊಡೆಯಿತು, ಚೀಲ ನನ್ನ ಹೆಗಲ ಮೇಲಿತ್ತು, ಮಕ್ಕಳು ಓಡಿಹೋದರು. ರೊಸೆಲ್ದಾ ಮಾತ್ರ ಎದ್ದಿರಲಿಲ್ಲ. ಅವಳಿಗೆ ಅಕ್ಷರಗಳು ಒಂದೊಂದಾಗಿ ಗೊತ್ತು, ಕೂಡಿಸಲು ಬರದು. ಮೀನಿನ ಬಲೆ ಹೆಣೆಯುವವರ ಮಗಳು, ಬೆರಳುಗಳು ಚುರುಕು. ಆ ಬೆರಳನ್ನು ಪುಸ್ತಕದ ಒಂದು ಪದದ ಮೇಲೆ ಒತ್ತಿ ಹಿಡಿದಿದ್ದಳು, ತೆಗೆದರೆ ಪದ ಓಡಿಹೋಗುತ್ತದೇನೋ ಎಂಬಂತೆ. ನಾನು ಚೀಲ ಇಳಿಸಿದೆ. ಅವಳ ಪಕ್ಕದ ಪುಟ್ಟ ಕುರ್ಚಿಯಲ್ಲಿ ಮಂಡಿ ಮುದುರಿ ಕೂತೆ. ಆ ಒಂದು ಪದ ಬರುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಗೋಡೆಗೆ ಹೋಗಿತ್ತು. ಮನೆಗೆ ಹೋಗುವಾಗ ನನಗೇ ಆಶ್ಚರ್ಯ. ದಣಿವಾಗಿರಲಿಲ್ಲ.

ಮರುದಿನ ಅವಳ ಜೊತೆ ಇನ್ನಿಬ್ಬರು ಉಳಿದರು. ಸೆಲ್ಮೊ ಸರ್ ಬಾಗಿಲಲ್ಲಿ ತಲೆ ಹಾಕಿ, "ಏನ್ ಲೂದಿ ಮೇಡಂ, ಗಂಟೆ ಕಿವಿಗೆ ಬೀಳಲಿಲ್ವಾ? ಕಿವಿ ಡಾಕ್ಟ್ರ ಹತ್ರ ತೋರಿಸ್ಕೊಳ್ಳಿ," ಎಂದು ಹೋದರು. ಇನ್ನು ಕೆಲವೇ ವರ್ಷಕ್ಕೆ ನಿವೃತ್ತಿಯಾಗುವ ಮನುಷ್ಯ, ನಾಲಿಗೆಯೇ ಅವರ ಬೆತ್ತ. ಆದರೆ ಮುಂದಿನ ವಾರ ಅವರೂ ವರಾಂಡದಲ್ಲಿ ಕೂತಿದ್ದರು. ಕಾಲು ಮುರಿದ ಡೆಸ್ಕುಗಳನ್ನು ಮಕ್ಕಳ ಕೈಲೇ ರಿಪೇರಿ ಮಾಡಿಸುತ್ತ, ಮರದ ಉದ್ದಗಲ ಅಳೆಸುತ್ತ ಭಿನ್ನರಾಶಿ ಹೇಳಿಕೊಡುತ್ತಿದ್ದರು.

"ನಿಮ್ಮ ಕಿವಿಗೂ ಬಂತಾ ರೋಗ?" ಎಂದೆ.

"ಅಂಟುರೋಗ ಕಣ್ರೀ," ಎಂದರು, ಬಾಯಲ್ಲಿ ಮೊಳೆ ಕಚ್ಚಿಕೊಂಡು.

ಎಲ್ಲರೂ ಉಳಿಯಲಿಲ್ಲ. ಕೆಲವರಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಕೆಲವರಿಗೆ ದೂರದ ದಾರಿ. ಅವರನ್ನು ಲುಮಿಂಗ್ ಮೇಡಂ ನೋಡಿದ ರೀತಿ ನಮ್ಮನ್ನು ನೋಡಿದ ರೀತಿಗಿಂತ ಕೂದಲೆಳೆಯಷ್ಟೂ ಬೇರೆ ಇರಲಿಲ್ಲ. ಅದನ್ನು ನಾನು ಗಮನಿಸಿದ್ದೆ. ಚಾಯೊಂಗ್‌ಳ ಅಂಗಡಿಯಲ್ಲಿ ಮೇಡಂ ಜೊತೆ ಕಡ್ಡಿಗೆ ಚುಚ್ಚಿದ ಕರಿದ ಬಾಳೆಹಣ್ಣು ತಿನ್ನುತ್ತ ಒಮ್ಮೆ ಕೇಳಿಯೇಬಿಟ್ಟೆ. "ಮೇಡಂ, ನಾವು ಸಂಜೆ ಇರೋದು ನಿಮಗೆ ಗೊತ್ತು. ಒಂದ್ ಮಾತೂ ಹೇಳಲ್ವಲ್ಲ. ಇರದೇ ಇರೋರಿಗೂ ಏನೂ ಹೇಳಲ್ಲ."

"ಏನ್ ಹೇಳ್ಬೇಕಿತ್ತು?"

"ಶಭಾಷ್ ಅಂತ."

ಅವರು ಕಡ್ಡಿಗೆ ಅಂಟಿದ ಸಕ್ಕರೆ ನೆಕ್ಕಿದರು. "ಇವತ್ತು ಶಭಾಷ್ ಅಂದ್ರೆ ನಾಳೆ ಬರದಿದ್ದೋರಿಗೆ ಯಾಕೆ ಬರಲಿಲ್ಲ ಅಂದಂಗೆ. ನಾಡಿದ್ದು ಅದೊಂದು ರೂಲ್ಸು. ಅದು ನಿಮ್ಮ ಸಂಜೆ, ಲೂದಿ. ನಾನ್ಯಾಕೆ ಕೈ ಹಾಕ್ಲಿ? ನನ್ನ ಕೆಲ್ಸ ಲೈಟ್ ಉರಿಯೋ ಹಾಗೆ ನೋಡ್ಕೊಳ್ಳೋದು, ಗೇಟಿಗೆ ಬೇಗ ಬೀಗ ಹಾಕ್ಬೇಡ ಅಂತ ವಾಚ್‌ಮನ್‌ಗೆ ಹೇಳೋದು." ಆಮೇಲೆ ನಕ್ಕು, "ಇನ್ನೊಂದು ಕೊಡಿಸ್ತೀಯಾ? ನನ್ನ ಹತ್ರ ಚಿಲ್ಲರೆ ಇಲ್ಲ," ಎಂದರು.

ಇನ್ಸ್‌ಪೆಕ್ಟರ್ ಓರ್ತಾಲಿಸ್ ಬಂದದ್ದು ಅದಾಗಿ ಕೆಲವು ದಿನಕ್ಕೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ರಾಜಧಾನಿ ಮನಿಲಾದಿಂದ ಇಲಾಖೆಯ ದೊಡ್ಡವರು ಬರುತ್ತಿದ್ದಾರೆ, ನಮ್ಮ ಶಾಲೆಯನ್ನು ತೋರಿಸಬೇಕು ಎಂದರು. ಅಂಗಳದ ಕಾಡುಬಾದಾಮಿ ಮರದ ಕೆಳಗೆ ಮಾತು ನಡೆಯಿತು, ನಾವೆಲ್ಲ ತರಗತಿಗಳ ಕಿಟಕಿಯಲ್ಲಿ ಕಿವಿಯಾಗಿದ್ದೆವು. ಮಹಿಳಾ ಟೀಚರುಗಳು ಒಂದೇ ಬಣ್ಣದ ಹೊಸ ಉಡುಪು ಹೊಲಿಸಿಕೊಂಡು ಗೇಟಿನಲ್ಲಿ ಸ್ವಾಗತದ ಕುಣಿತ ಮಾಡಬೇಕು. ಅಭ್ಯಾಸಕ್ಕೆ ಒಂದು ವಾರ ಮಧ್ಯಾಹ್ನದ ಪಾಠ ಬೇಡ. ಊಟಕ್ಕೆ ಇಡೀ ಹಂದಿ ಸುಡಿಸಬೇಕು, ಖರ್ಚು ಟೀಚರುಗಳು ಸೇರಿ ಹಾಕಿಕೊಳ್ಳಲಿ. ಶನಿವಾರ ಎಲ್ಲರೂ ಬಂದು ಶಾಲೆ ತೊಳೆಯಲಿ.

"ಆಗಲ್ಲ, ಸರ್," ಎಂದರು ಲುಮಿಂಗ್ ಮೇಡಂ.

"ಏನು ಆಗಲ್ಲ?"

"ಯಾವುದೂ ಆಗಲ್ಲ. ಬರೋರು ಬರ್ಲಿ. ಪಾಠ ನಡೀತಿರುತ್ತೆ, ನೋಡ್ಲಿ. ಮಕ್ಕಳು ತಿನ್ನೋ ಗಂಜಿ ಇರುತ್ತೆ, ತಿನ್ಲಿ. ಮಕ್ಕಳಿಗೆ ಕುಣಿಯೋ ಆಸೆ ಇದ್ರೆ ಕುಣೀತಾವೆ. ನನ್ನ ಟೀಚರುಗಳು ಕುಣಿಯಲ್ಲ."

"ಮೇಡಂ, ನೀವು ಈ ಬಾತ್‌ರೂಮಿನ ಬೀಗ ಒಡೆದ ವಿಷಯ ನಂಗೆ ಗೊತ್ತಿದೆ. ಸುಮ್ನಿದೀನಿ."

"ಸುಮ್ನಿರಬೇಡಿ. ಒಳಗೆ ಹೋಗಿ ಬನ್ನಿ, ಚೆನ್ನಾಗಿದೆ. ನಿಮ್ಮ ಹೆಸರನ್ನ ದಿನಾ ನೆನೀತಾರೆ."

ಎರಡನೇ ತರಗತಿಯ ಕಿಟಕಿಯಿಂದ ಯಾರೋ ಕಿಸಕ್ಕನೆ ನಕ್ಕರು. ಓರ್ತಾಲಿಸ್ ಕಿವಿ ಕೆಂಪಾಯಿತು.

ಅವರು ಬಿಡುವ ಆಸಾಮಿಯಲ್ಲ. ಎರಡು ದಿನ ಬಿಟ್ಟು ಲುಮಿಂಗ್ ಮೇಡಂ ಪಟ್ಟಣಕ್ಕೆ ಮೀಟಿಂಗಿಗೆ ಹೋಗಿದ್ದಾಗ ಬಂದು ನಮ್ಮನ್ನು ಸೇರಿಸಿದರು. ಧ್ವನಿಯಲ್ಲಿ ಜೇನು ಸುರಿಯುತ್ತಿತ್ತು. "ನಿಮ್ಮ ಹೆಡ್‌ಗೆ ಹಟ. ನೀವು ತಿಳಿದವರು. ಶನಿವಾರ ಬೆಳಿಗ್ಗೆ ಎಲ್ಲರೂ ಬನ್ನಿ. ಬಲವಂತ ಇಲ್ಲ, ಪೂರ್ತಿ ಸ್ವಇಚ್ಛೆ. ಬರದೇ ಇದ್ದೋರು ಯಾರು ಅಂತ ಮಾತ್ರ ನಾನು ನೋಡ್ಕೋತೀನಿ."

ಸೆಲ್ಮೊ ಸರ್ ಕೈ ಎತ್ತಿದರು, ಆರನೇ ತರಗತಿಯ ಮಕ್ಕಳು ಎತ್ತುವ ಹಾಗೆಯೇ. "ಒಂದು ಸಂದೇಹ, ಸರ್. ಸ್ವಇಚ್ಛೆ ಅಂದ್ರೆ, ಬರೋಕೆ ಮಾತ್ರ ಇಚ್ಛೆ ಇರ್ಬೇಕಾ? ಬರದೇ ಇರೋಕೂ ಇರಬಹುದಾ?"

"ಸೆಲ್ಮೊ ಸರ್, ನಿಮಗೆ ಪೆನ್ಷನ್ ಹತ್ರ ಬಂದಿದೆ."

"ಹೌದು ಸರ್. ಅದಕ್ಕೇ ಕೇಳ್ದೆ. ಆಮೇಲೆ ಕೇಳೋಕೆ ಟೈಮಿರಲ್ಲ."

ಶನಿವಾರ ಓರ್ತಾಲಿಸ್ ಜೀಪಿನಲ್ಲಿ ಪೊರಕೆ, ಬಕೆಟ್ಟು, ಹಾಡು ಹಾಕುವ ಸ್ಪೀಕರು ತುಂಬಿಕೊಂಡು ಬಂದು ಗೇಟಿನಲ್ಲಿ ಕಾದರು. ನನ್ನ ಮನೆ ಶಾಲೆಯ ಓಣಿಯಲ್ಲೇ. ಅಂಗಳದಲ್ಲಿ ಬಟ್ಟೆ ಒಗೆಯುತ್ತ ಎಲ್ಲ ನೋಡುತ್ತಿದ್ದೆ. ಗೇಟಿನತ್ತ ಯಾರೂ ಸುಳಿಯಲಿಲ್ಲ. ಬಿಸಿಲು ಏರಿತು. ಅಷ್ಟರಲ್ಲಿ ಸೆಲ್ಮೊ ಸರ್ ಬಂದರು. ಕೆಂಪು ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು, ಟೋಪಿ ಹಾಕಿಕೊಂಡು, ಬೇಕೆಂದೇ ಜೀಪಿನ ಮುಂದಿನಿಂದ ನಿಧಾನವಾಗಿ ನಡೆದರು.

"ಗುಡ್ ಮಾರ್ನಿಂಗ್, ಸರ್. ಕೋಳಿ ಅಂಕಕ್ಕೆ ಹೊರಟೆ. ಸ್ವಇಚ್ಛೆಯಿಂದ."

ನನ್ನ ಗಂಡ ಪೊನ್ಸೊ ಊರುಗೋಲು ಜಾರಿಹೋಗುವಷ್ಟು ನಕ್ಕ. ನನಗೂ ನಗು ಬಂತು. ಆದರೆ ಇದಕ್ಕೆ ಬೆಲೆ ತೆರಬೇಕಾಗುತ್ತದೆ, ತೆರುವವರು ಲುಮಿಂಗ್ ಮೇಡಂ ಎಂದು ಗೊತ್ತಿತ್ತು.

ಮನಿಲಾದವರು ಬಂದ ದಿನ ಗೇಟಿನಲ್ಲಿ ಕುಣಿತವಿರಲಿಲ್ಲ. ಲುಮಿಂಗ್ ಮೇಡಂ ಒಬ್ಬರೇ ನಿಂತು ಕೈ ಕುಲುಕಿ, "ಬನ್ನಿ, ಪಾಠ ನಡೀತಿದೆ. ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ," ಎಂದರು. ಬಂದವರಲ್ಲಿ ಒಬ್ಬಾಕೆ ನನ್ನ ತರಗತಿಗೆ ಬಂದು ಹಿಂದಿನ ಪುಟ್ಟ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಫೋನು ನೋಡಿದರು. ಆಮೇಲೆ ಸೆಕೆಗೆ ತೂಕಡಿಸಿದರು. ಅದ್ಭುತವೇನೂ ನಡೆಯಲಿಲ್ಲ. ಎದ್ದು ಹೋಗುವಾಗ "ಥ್ಯಾಂಕ್ಸ್, ಟೀಚರ್" ಎಂದರು. ನನ್ನ ಮಟ್ಟಿಗೆ ಅದೇ ಮೊದಲ ಸಲ ದೊಡ್ಡವರೊಬ್ಬರು ನಾನು ಮಾಡುವ ಕೆಲಸವನ್ನು, ಅದು ಬೇಸರ ತರಿಸುವಷ್ಟು ಸಾಧಾರಣವಾಗಿದ್ದರೂ, ಇದ್ದ ಹಾಗೆ ನೋಡಿದ್ದು. ಗಂಜಿ ಕುಡಿದು ಹೊರಟುಹೋದರು. ಹಂದಿಯ ಆಸೆಯಲ್ಲಿ ಬಂದಿದ್ದ ಪಟ್ಟಣದ ಪತ್ರಿಕೆಯವನೊಬ್ಬ ಮಾತ್ರ ಗೊಣಗಿದ.

ಓರ್ತಾಲಿಸ್‌ಗೆ ಅಷ್ಟು ಸಾಕಾಯಿತು. ಮೇಲಧಿಕಾರಿಯ ಮಾತು ಮೀರಿದ್ದು, ಸರ್ಕಾರಿ ಆಸ್ತಿ ಹಾಳು ಮಾಡಿದ್ದು ಎಂದು ಲುಮಿಂಗ್ ಮೇಡಂ ಮೇಲೆ ದೂರು ಹಾಕಿದರು. ನಮ್ಮ ಹೇಳಿಕೆ ಪಡೆಯಲು ಆಫೀಸಿನಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದರು. ಜೊತೆಗೆ ಬರೆದುಕೊಳ್ಳಲು ಕಚೇರಿಯ ಗುಮಾಸ್ತ, ಇನ್ನೂ ಮದುವೆಯಾಗದ ನಾಚಿಕೆಯ ಹುಡುಗ.

ನನಗೆ ಕುರ್ಚಿ ತೋರಿಸಿದರು. "ಲೂದಿ ಮೇಡಂ, ನಿಮಗೆ ಬಡ್ತಿ ಬರೋದಿದೆ. ನನ್ನ ಸಹಿಗೆ ಕಾದಿದೆ. ಒಂದೇ ಪ್ರಶ್ನೆ. ಬೀಗ ಅವರೇ ಒಡೆದಿದ್ದು ತಾನೆ?"

"ಹೌದು."

ಅವರ ಮುಖ ಅರಳಿತು. "ಬರ್ಕೋ."

"ಯಾಕೆ ಒಡೆದ್ರು ಅನ್ನೋದನ್ನೂ ಬರ್ಕೊಳ್ಳಿ," ಎಂದೆ ಗುಮಾಸ್ತನಿಗೆ.

"ಅದು ಬೇಕಾಗಿಲ್ಲ."

"ಬೇಕು. ನಾನು ಹೇಳಿದ್ದು ಪೂರ್ತಿ ಇಲ್ದಿದ್ರೆ ನಾನು ಸಹಿ ಹಾಕಲ್ಲ. ಬರಿಯಪ್ಪ: ಈ ಶಾಲೇಲಿ ಹೆಂಗಸರಿಗೆ ಕಕ್ಕಸು ಇರಲಿಲ್ಲ. ಮುಟ್ಟಾದ ದಿನ ಬಟ್ಟೆ ಬದಲಾಯಿಸೋಕೆ ಬಾಳೆಹಣ್ಣು ಮಾರೋಳ ಮನೆಗೆ ರಸ್ತೆ ದಾಟಿ ಹೋಗ್ತಿದ್ವಿ. ಒಂದ್ ಸಲ ತಡ ಆಗಿ ಲಂಗಕ್ಕೆ ಕಲೆ ಹತ್ತಿ, ಮಕ್ಕಳ ಮುಂದೆ ಕುರ್ಚಿಯಿಂದ ಏಳದೆ ಮಧ್ಯಾಹ್ನ ಪೂರ್ತಿ ಪಾಠ ಮಾಡಿದೀನಿ. ಯಾವ ಪಾಠ ಅಂತಾನೂ ಬೇಕಾ?"

ಗುಮಾಸ್ತನ ಪೆನ್ನು ನಿಂತಿತ್ತು. ಕತ್ತಿನವರೆಗೆ ಕೆಂಪಾಗಿದ್ದ.

"ಮೇಡಂ, ಮಾನ ಮರ್ಯಾದೆ..." ಎಂದರು ಓರ್ತಾಲಿಸ್.

"ಅದನ್ನೇ ಹೇಳ್ತಿರೋದು, ಸರ್. ಬೀಗದ ಒಳಗಿದ್ದಿದ್ದು ನಮ್ಮ ಮರ್ಯಾದೆ. ಬಡ್ತಿ ನಿಮ್ಮ ಹತ್ರಾನೇ ಇರ್ಲಿ."

ಹೊರಗೆ ಬಂದು ಜೊವೆಲಿನ್‌ಗೆ ಹೇಳಿದೆ. ಅವಳು ಒಳಗೆ ಹೋಗಿ ಸೋಂಕಿನ ಕಥೆಯನ್ನು ಉರಿಯಿಂದ ಹಿಡಿದು ಔಷಧಿಯವರೆಗೆ ಏನನ್ನೂ ಬಿಡದೆ ಹೇಳಿದಳಂತೆ. ಅವಳ ನಂತರ ಹೋದವರೂ ಹಾಗೇ. ಸಂಜೆಗೆ ಮುಟ್ಟು, ಬಸಿರು, ಮೂಲವ್ಯಾಧಿ ಯಾವುದೂ ಹೇಳದೆ ಉಳಿಯಲಿಲ್ಲ. ಕೊನೆಯವರು ಸೆಲ್ಮೊ ಸರ್. "ಗಂಡಸರು ಗೋಡೆ ಹಿಂದೆ ಹೋಗ್ತಿದ್ವಿ, ಸರ್. ಆ ಗೋಡೆ ಮೇಲೆ ‘ಸ್ವಚ್ಛ ಶಾಲೆ’ ಅಂತ ನೀವೇ ಬರೆಸಿದ್ರಿ. ಅದನ್ನೂ ಬರೆಸ್ಲಾ?" ಎಂದರಂತೆ. ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ. ಸಹಿ ಒಂದೂ ಬೀಳಲಿಲ್ಲ.

ಆದರೂ ಲುಮಿಂಗ್ ಮೇಡಂಗೆ ವರ್ಗಾವಣೆ ಬಂತು. ದೂರಿನ ಮೇಲಲ್ಲ, ‘ಸೇವೆಯ ಅಗತ್ಯದ ಮೇಲೆ’. ಸಮುದ್ರದಾಚೆಯ ಒಂದು ಸಣ್ಣ ದ್ವೀಪದ ಶಾಲೆಗೆ. ನಮ್ಮ ಬಾಯಿ ಮುಚ್ಚಿಸಲಾಗದವರು ಅವರನ್ನು ನಮ್ಮ ಕಣ್ಣಿಂದ ಮರೆ ಮಾಡಿದರು.

ನಾವು ಸುಮ್ಮನಿರಲಿಲ್ಲ. ರಜೆ ಹಾಕಿ, ಬಾಡಿಗೆಗೆ ಒಂದು ಜೀಪ್ನಿ ವ್ಯಾನು ಮಾಡಿಕೊಂಡು, ಊರಿನ ತಾಯಂದಿರನ್ನೂ ಹತ್ತಿಸಿಕೊಂಡು ಮೇಲಿನ ಕಚೇರಿಗೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ರೊಸೆಲ್ದಾಳ ತಾಯಿ ಅಲ್ಲೇ ಬಲೆ ಹರಡಿಕೊಂಡು ಹೆಣೆಯತೊಡಗಿದಳು. ಬಂದವರೆಲ್ಲ ಅದನ್ನು ದಾಟಿಕೊಂಡು ಹೋಗಬೇಕಾಯಿತು. ಸಂಜೆಗೆ ಒಬ್ಬ ಅಧಿಕಾರಿ ಹೊರಗೆ ಬಂದು, ಆದೇಶ ಬದಲಾಗುವುದಿಲ್ಲ, ಆದರೆ ದೂರು ಕೈಬಿಟ್ಟಿದ್ದೇವೆ ಎಂದ. ಲುಮಿಂಗ್ ಮೇಡಂ ಕೆಲಸ ಉಳಿಯಿತು. ಅರ್ಧ ಗೆದ್ದೆವು. ಅರ್ಧ ಗೆಲುವು ಬಾಯಲ್ಲಿ ಕಹಿಯೇ.

ಅವರು ಹೊರಟ ದಿನ ಕಡಲು ಕದಡಿತ್ತು. ದೋಣಿಗಟ್ಟೆಯಲ್ಲಿ ಜೊವೆಲಿನ್ ಅತ್ತಳು. "ನಿಮ್ಮಿಂದ್ಲೇ ನಾವು ಮಾಡಿದ್ದು, ಮೇಡಂ. ಇನ್ನು ಯಾರಿಗೋಸ್ಕರ ಮಾಡೋದು?"

ಲುಮಿಂಗ್ ಮೇಡಂಗೆ ಸಿಟ್ಟು ಬಂತು. ಅವರಿಗೆ ನಮ್ಮ ಮೇಲೆ ಸಿಟ್ಟು ಬಂದದ್ದು ನಾನು ನೋಡಿದ್ದು ಅದೊಂದೇ ಸಲ. "ನಂಗೋಸ್ಕರ ಮಾಡಿದ್ರಾ? ಹಾಗಿದ್ರೆ ಇವತ್ತೇ ನಿಲ್ಸಿ. ನಂಗೆ ಅದರ ಹೊರೆ ಬೇಡ." ಆಮೇಲೆ ಜೊವೆಲಿನ್‌ಳ ಕೆನ್ನೆ ಹಿಂಡಿ, "ನೀರು ಕುಡೀತಿರು," ಎಂದು ದೋಣಿ ಹತ್ತಿದರು. ಹಾಡುತ್ತಿದ್ದರೋ ಏನೋ, ಮೋಟಾರಿನ ಸದ್ದಿನಲ್ಲಿ ಕೇಳಲಿಲ್ಲ.

ಅವರ ಜಾಗಕ್ಕೆ ಓರ್ತಾಲಿಸ್ ಕಳಿಸಿದ್ದು ಎರ್ಮಿನಿಯಾ ಎಂಬ ತೆಳ್ಳನೆ ಹೆಂಗಸನ್ನು. ಅಂಜುಬುರುಕಿ, ಇನ್ಸ್‌ಪೆಕ್ಟರ್ ಹೆಸರು ಕೇಳಿದರೆ ಎದ್ದು ನಿಲ್ಲುವಾಕೆ. ಮೊದಲ ವಾರವೇ ವರಾಂಡದ ಉದ್ದಕ್ಕೂ ಬ್ಯಾನರು ಬಂತು. ‘ಓರ್ತಾಲಿಸ್ ಸಂಜೆ ಓದು ಯೋಜನೆ’. ಇನ್ಸ್‌ಪೆಕ್ಟರ್ ಸಾಹೇಬರ ನಗುಮುಖದ ದೊಡ್ಡ ಚಿತ್ರ. ನಾವು ಸಂಜೆ ಉಳಿಯುವ ವಿಷಯ ಅವರಿಗೂ ತಿಳಿದಿತ್ತು, ಅದನ್ನು ತಮ್ಮದು ಮಾಡಿಕೊಂಡಿದ್ದರು. ಇನ್ನು ಮುಂದೆ ಪ್ರತಿಯೊಬ್ಬ ಟೀಚರೂ ಗಂಟೆಯ ನಂತರ ಉಳಿಯಲೇಬೇಕು, ಬ್ಯಾನರಿನ ಕೆಳಗೆ ಮಕ್ಕಳ ಜೊತೆ ನಿಂತು ಫೋಟೊ ಕಳಿಸಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದವರೂ ಸೇರಿ.

ಆ ದಿನ ನಾವು ಸೇರಿ ಮಾತಾಡಿಕೊಂಡಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಂದು ಮಾತೂ ಇಲ್ಲ. ಸಂಜೆ ಗಂಟೆ ಹೊಡೆಯಿತು. ನಾನು ಚೀಲ ಹೆಗಲಿಗೆ ಹಾಕಿ ಹೊರಗೆ ಬಂದೆ. ಆಚೆ ಬಾಗಿಲಿಂದ ಜೊವೆಲಿನ್ ಬಂದಳು. ಅದರಾಚೆಯಿಂದ ಉಳಿದವರು. ಎಲ್ಲರೂ ಬ್ಯಾನರಿನ ಕೆಳಗೆ ಹಾದು, ಅಂಗಳ ದಾಟಿ, ಗೇಟಿನಿಂದ ಹೊರಗೆ ನಡೆದೆವು. ಎರ್ಮಿನಿಯಾ ಮೇಡಂ ಫೋನು ಎತ್ತಿ ಹಿಡಿದು ವರಾಂಡದಲ್ಲಿ ನಿಂತೇ ಇದ್ದರು.

ರೊಸೆಲ್ದಾ ಓಡಿಬಂದು ನನ್ನ ಚೀಲ ಹಿಡಿದಳು. "ಟೀಚರ್, ಇವತ್ತು ಓದಲ್ವಾ? ಕಥೆ ಅರ್ಧಕ್ಕೆ ನಿಂತಿದೆ."

ಅವಳ ಹಿಂದೆ ಇನ್ನೂ ಮಕ್ಕಳು. ಆ ಮನುಷ್ಯನಿಗೆ ಎದುರು ನಿಲ್ಲಲು ಹೋಗಿ ಈ ಹುಡುಗಿಯನ್ನು ಅರ್ಧ ಕಥೆಯಲ್ಲಿ ಬಿಡುವುದೇ? ಸಿಟ್ಟಿಗೆ ಕಣ್ಣು ಮಂಜಾಯಿತು.

ಸೆಲ್ಮೊ ಸರ್ ಗಂಟಲು ಸರಿ ಮಾಡಿಕೊಂಡರು. "ನಮ್ಮ ಮನೆ ಅಂಗಳ ಇದೆಯಲ್ಲ. ದೋಣಿ ರಿಪೇರಿ ಮಾಡೋ ಜಾಗ. ಹಂದಿ ಇದೆ, ವಾಸನೆ ಇದೆ, ಬ್ಯಾನರ್ ಇಲ್ಲ."

ಹಾಗೆ ಶುರುವಾಯಿತು. ತಲೆಕೆಳಗಾಗಿಸಿದ ದೋಣಿಯ ಹೊಟ್ಟೆಯ ಮೇಲೆ ಪುಸ್ತಕವಿಟ್ಟು ಮಕ್ಕಳು ಓದಿದರು. ಬರುವವರು ಬಂದರು, ಮನೆಗೆ ಹೋಗಬೇಕಾದವರು ಹೋದರು. ಸರ್ ಹೆಂಡತಿ ಗೆಣಸು ಬೇಯಿಸಿದರು. ಕೆಲವು ದಿನಕ್ಕೆ ಓರ್ತಾಲಿಸ್ ಜೀಪು ಬಂದು ಬೇಲಿಯ ಹೊರಗೆ ನಿಂತಿತು. ಅವರು ಫೋನು ತೆಗೆದು ಹಿಡಿದರು. ಸೆಲ್ಮೊ ಸರ್ ಬೇಲಿಯ ಹತ್ತಿರ ಹೋದರು.

"ಸರ್, ಇದು ನನ್ನ ಮನೆ. ನನ್ನ ಮನೇಲಿ ನಾನು ನಿಮ್ಮ ಕೈಕೆಳಗಿನವನಲ್ಲ. ಗೆಣಸು ತಿನ್ನೋದಿದ್ರೆ ಬನ್ನಿ. ಫೋಟೊಗಾದ್ರೆ ಜೀಪಿನ ಹಿಂದೆ ಜಾಗ ಇದೆ, ನಿಮ್ಮದೇ ತೆಗೆಸ್ಕೊಳ್ಳಿ."

"ಶಾಲೆಯಲ್ಲಿ ಮಾಡಬೇಕಾದ ಕೆಲಸ ಇದು!"

"ಯಾರು ಹೇಳಿದ್ದು?" ಎಂದೆ ನಾನು ದೋಣಿಯ ಹತ್ತಿರದಿಂದಲೇ. "ಯಾರೂ ಹೇಳಿದ್ದಲ್ಲ ಇದು. ಅದಕ್ಕೇ ನಿಮ್ಮ ಕೈಗೆ ಸಿಗಲ್ಲ."

ಜೀಪು ಧೂಳೆಬ್ಬಿಸಿ ಹೋಯಿತು. ಆ ವರ್ಷ ನಮ್ಮೆಲ್ಲರ ಕೆಲಸದ ಮೌಲ್ಯಮಾಪನದಲ್ಲಿ ಅವರು ಕಡಿಮೆ ಅಂಕ ಹಾಕಿದರು. ಬಡ್ತಿ ಇನ್ನೂ ಬಂದಿಲ್ಲ. ಬರದಿರಲಿ.

ಇನ್ನೊಂದು ಸಂಜೆಯದು ಹೇಳಿ ಮುಗಿಸುತ್ತೇನೆ. ಮಳೆ ನಿಂತು ಅಂಗಳವೆಲ್ಲ ಕೆಸರು. ಬೇಲಿಯ ಬಾಗಿಲಲ್ಲಿ ಎರ್ಮಿನಿಯಾ ಮೇಡಂ ನಿಂತಿದ್ದರು. ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಮನೆಯಿಂದ ತಂದ ಪ್ಲಾಸ್ಟಿಕ್ ಸ್ಟೂಲು.

"ಫೋಟೊಗಾ?" ಎಂದರು ಸೆಲ್ಮೊ ಸರ್.

"ಫೋನು ತಂದಿಲ್ಲ." ಅವರು ಸ್ಟೂಲನ್ನು ಎದೆಗೆ ಅವಚಿಕೊಂಡರು. "ನಾನು ಹೆಡ್ ಆಗೋಕೆ ಮುಂಚೆ ಒಂದನೇ ಕ್ಲಾಸಿಗೆ ಕಲಿಸ್ತಿದ್ದೆ. ಅಕ್ಷರ ಕೂಡಿಸೋದು ನಂಗೆ ಚೆನ್ನಾಗಿ ಬರುತ್ತೆ. ಒಂದು ಮಗೂನ ನಂಗೆ ಕೊಡ್ತೀರಾ?"

"ಬ್ಯಾನರ್ ಇಳಿಸಿ ಬಂದ್ರಾ?" ಎಂದೆ. ನನ್ನ ಮಾತು ಒರಟಾಗಿತ್ತು.

ಅವರು ತಲೆ ತಗ್ಗಿಸಿದರು. "ಅಷ್ಟು ಧೈರ್ಯ ನಂಗಿಲ್ಲ, ಲೂದಿ ಮೇಡಂ."

ಹಂದಿ ಗುಟುರು ಹಾಕಿತು. ಸೆಲ್ಮೊ ಸರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಇಲ್ದಿದ್ರೆ ಬಿಡಿ," ಎಂದೆ. "ಸ್ಟೂಲು ಅಲ್ಲಿ ಹಾಕ್ಕೊಳ್ಳಿ, ಕೆಸರಿಲ್ಲದ ಕಡೆ."

ಅವರು ಕೂತರು. ಸೆಲ್ಮೊ ಸರ್ ತಮ್ಮ ಗುಂಪಿನಲ್ಲಿ ಎಲ್ಲರಿಗಿಂತ ತುಂಟಿಯಾದ, ಯಾರ ಮಾತೂ ಕೇಳದ ಒಬ್ಬಳನ್ನು ಹುಡುಕಿ ಅವರ ಮುಂದೆ ಕೂರಿಸಿದರು. ಆ ಹುಡುಗಿ ಹೊಸ ಹೆಡ್‌ಮೇಡಂ ಮುಖವನ್ನೇ ನೋಡಿ, "ನಿಮಗೆ ಹಾಡೋಕೆ ಬರುತ್ತಾ?" ಎಂದಳು.

"ಇಲ್ಲ," ಎಂದರು ಎರ್ಮಿನಿಯಾ ಮೇಡಂ, ಪುಸ್ತಕ ತೆರೆಯುತ್ತ. "ಓದೋಕೆ ಬರುತ್ತೆ. ಇಲ್ಲಿ ಬೆರಳಿಡು."